ಟಿಕ್ ಟಿಕ್ ವಾಲ್ವ್, ರಾತ್ರಿಗೊಂದು ಮಾತ್ರೆ: ರಕ್ತ ತೆಳು ಮಾಡುವ ಔಷಧಿಯ ಜೊತೆ ವರ್ಷಗಟ್ಟಲೆ ಬಾಳುವ ಬಗೆ

ರಾತ್ರಿ ಟಿವಿ ಆಫ್ ಮಾಡಿ ಫ್ಯಾನ್ ನಿಲ್ಲಿಸಿದರೆ ನಮ್ಮ ಮನೆಯಲ್ಲಿ ಎರಡು ಟಿಕ್ ಟಿಕ್ ಕೇಳಿಸುತ್ತವೆ. ಒಂದು ಗೋಡೆ ಗಡಿಯಾರದ್ದು. ಇನ್ನೊಂದು ಅಮ್ಮನ ಎದೆಯದು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಅವರ ಹೃದಯದ ಮೈಟ್ರಲ್ ವಾಲ್ವನ್ನು, ಅಂದರೆ ರಕ್ತವನ್ನು ಒಂದೇ ಕಡೆಗೆ ಬಿಡುವ ಒಂದು ಕವಾಟವನ್ನು, ತಿಂದು ಹಾಕಿತ್ತು. ಅದನ್ನು ತೆಗೆದು ಲೋಹದ ವಾಲ್ವ್ ಕೂರಿಸಿ 16 ವರ್ಷವಾಯಿತು. ಆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಅಂದಿನಿಂದ ದಿನಾ ರಾತ್ರಿ ರಕ್ತ ತೆಳು ಮಾಡುವ ಮಾತ್ರೆ. ಒಂದು ದಿನವೂ ತಪ್ಪಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದೆರಡು ಸಲ ಮರೆತಿದ್ದಾರೆ, ಒಂದು ಸಲ ಬೇಕೆಂದೇ ಬಿಟ್ಟಿದ್ದಾರೆ. ಆ ಕಥೆ ಮುಂದೆ ಬರುತ್ತದೆ.

ಈ ಮಾತ್ರೆ ತೆಗೆದುಕೊಳ್ಳುವ ಮನೆಯವರೆಲ್ಲ ಕೇಳುವ ಪ್ರಶ್ನೆ ಒಂದೇ. ಇಷ್ಟು ವರ್ಷ ತಿಂದರೆ ಮೈಗೆ ಏನೂ ಆಗುವುದಿಲ್ವಾ? ಆಗುವುದುಂಟು. ಆದರೆ ಅಪಾಯ ಹೆಚ್ಚಾಗಿ ಬರುವುದು ಮಾತ್ರೆ ಹಳೆಯದಾಯಿತು ಅಂತಲ್ಲ. ನಾವು ಹಳಬರಾದೆವು ಅಂತ. ಮೊದಲ ವರ್ಷ ಎಲ್ಲರೂ ಭಯದಿಂದ ರಕ್ತದ ಟೆಸ್ಟ್ ಮಾಡಿಸುತ್ತಾರೆ. ಹತ್ತನೇ ವರ್ಷ 'ಚೆನ್ನಾಗೇ ಇದೀನಲ್ಲ' ಅಂತ ಮೂರು ತಿಂಗಳು ಬಿಡುತ್ತಾರೆ. ನಾನು ಡಾಕ್ಟರಲ್ಲ. ನಮ್ಮ ಡಾಕ್ಟರುಗಳಿಂದ ಕಲಿತದ್ದು, ಓದಿಕೊಂಡದ್ದು, ಪೆಟ್ಟು ತಿಂದು ತಿಳಿದದ್ದು ಇಲ್ಲಿದೆ. ಮಾತ್ರೆಯ ಪ್ರಮಾಣವನ್ನು ಮಾತ್ರ ನಿಮ್ಮ ಡಾಕ್ಟರನ್ನು ಕೇಳದೆ ಬದಲಿಸಬೇಡಿ.

ಹೆಜ್ಜೆ 1: ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ

ಯಾವ ವಾಲ್ವ್, ಯಾವ ಜಾಗದಲ್ಲಿ, ಯಾವ ಮಾತ್ರೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ರಕ್ತದ ಟೆಸ್ಟಿನ ಸಂಖ್ಯೆ) ಎಷ್ಟಿರಬೇಕು. ಈ ನಾಲ್ಕು ಗೊತ್ತಿಲ್ಲದೆ ಮುಂದಿನ ಯಾವ ಸಲಹೆಯೂ ಉಪಯೋಗಕ್ಕೆ ಬರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಲ್ಲವೂ ಇರುತ್ತದೆ. ಕಳೆದುಹೋಗಿದ್ದರೆ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಕೇಳಿ ಪ್ರತಿ ತೆಗೆದುಕೊಳ್ಳಿ.

ವಾಲ್ವ್‌ಗಳಲ್ಲಿ ಎರಡು ಬಗೆ. ದನ ಅಥವಾ ಹಂದಿಯ ಅಂಗಾಂಶದಿಂದ ಮಾಡಿದ ಟಿಶ್ಯೂ ವಾಲ್ವ್ ಹಾಕಿದ್ದರೆ ಸಾಮಾನ್ಯವಾಗಿ ಮೊದಲ 3ರಿಂದ 6 ತಿಂಗಳು ಮಾತ್ರ ಈ ಮಾತ್ರೆ, ಆಮೇಲೆ ಬರೀ ಆಸ್ಪಿರಿನ್. ಎದೆಬಡಿತ ಏರುಪೇರಾಗುವ ಏಟ್ರಿಯಲ್ ಫಿಬ್ರಿಲೇಶನ್ ಇದ್ದರೆ ಲೆಕ್ಕ ಬೇರೆ. ಆದರೆ ಟಿಶ್ಯೂ ವಾಲ್ವ್ 10–15 ವರ್ಷಕ್ಕೆ ಸವೆಯಬಹುದು, ವಯಸ್ಸು ಚಿಕ್ಕದಿದ್ದಷ್ಟೂ ಬೇಗ ಸವೆಯುತ್ತದೆ. ಅದಕ್ಕೇ 50ರ ಒಳಗಿನವರಿಗೆ ಹೆಚ್ಚಾಗಿ ಲೋಹದ ವಾಲ್ವ್ ಹಾಕುತ್ತಾರೆ. ಅದು ಬಾಳಿಕೆ ಬರುತ್ತದೆ, ಆದರೆ ಮಾತ್ರೆ ಜೀವನಪೂರ್ತಿ. 'ಲೋಹದ ವಾಲ್ವ್' ಅನ್ನುವುದು ನಮ್ಮ ಬಾಯಿ ಮಾತು ಅಷ್ಟೆ. ಈಗಿನ ಹೆಚ್ಚಿನವುಗಳ ರೆಕ್ಕೆ ಒಂದು ಬಗೆಯ ಗಟ್ಟಿ ಕಾರ್ಬನ್. ನಮ್ಮ ದೇಶದ್ದೇ ಆದ ಚಿತ್ರಾ ವಾಲ್ವ್‌ನಲ್ಲಿ ಅಲ್ಲಾಡುವ ಬಿಲ್ಲೆ ಒಂದು ಜಾತಿಯ ಪ್ಲಾಸ್ಟಿಕ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಅದನ್ನು ರೂಪಿಸಿದವರು ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ತಂಡ. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದರು. ಆಮೇಲೆ ವಲಿಯತ್ತಾನ್ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಕುಲಪತಿಯಾದರು, 2024ರಲ್ಲಿ ತೀರಿಕೊಂಡರು.

ಜಾಗವೂ ಮುಖ್ಯ. ಹೃದಯದಿಂದ ಮೈಗೆ ರಕ್ತ ಹೊರಡುವ ಅಯಾರ್ಟಿಕ್ ಜಾಗದಲ್ಲಿ ರಕ್ತ ಜೋರಾಗಿ ನುಗ್ಗುತ್ತದೆ, ಹೆಪ್ಪುಗಟ್ಟುವುದು ಸ್ವಲ್ಪ ಕಡಿಮೆ. ಹೃದಯದ ಎರಡು ಕೋಣೆಗಳ ನಡುವಿನ ಮೈಟ್ರಲ್ ಜಾಗದಲ್ಲಿ ರಕ್ತ ನಿಧಾನ, ಹೆಪ್ಪಿನ ಭಯ ಜಾಸ್ತಿ. ಹಾಗಾಗಿ ಸಾಮಾನ್ಯವಾಗಿ ಅಯಾರ್ಟಿಕ್ ವಾಲ್ವ್‌ನವರಿಗೆ ಐಎನ್‌ಆರ್ 2ರಿಂದ 3, ಮೈಟ್ರಲ್‌ನವರಿಗೆ 2.5ರಿಂದ 3.5. ನಿಮ್ಮ ಡಾಕ್ಟರ್ ಬೇರೆ ಸಂಖ್ಯೆ ಬರೆದಿದ್ದರೆ ಅದೇ ನಿಮ್ಮದು. ಪಕ್ಕದ ಮನೆಯವರ ಸಂಖ್ಯೆಗೆ ಹೋಲಿಸಿಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಮಾತ್ರೆ. ನಮ್ಮಲ್ಲಿ ಎರಡು ಚಾಲ್ತಿಯಲ್ಲಿವೆ. ವಾರ್ಫರಿನ್ ಮತ್ತು ಅಸೆನೊಕೌಮರಾಲ್. ಎರಡನೆಯದನ್ನು ಬಹಳ ಜನ ಆಸಿಟ್ರಾಂ ಅಂತಲೇ ಕರೆಯುತ್ತಾರೆ. ಕೆಲಸ ಒಂದೇ, ಶಕ್ತಿ ಬೇರೆ. 1 ಮಿ.ಗ್ರಾಂ ಅಸೆನೊಕೌಮರಾಲ್ ಸುಮಾರು 2 ಮಿ.ಗ್ರಾಂ ವಾರ್ಫರಿನ್‌ಗೆ ಸಮ. ಒಂದು ಇಲ್ಲ ಅಂತ ಮೆಡಿಕಲ್ ಶಾಪಿನವರು ಇನ್ನೊಂದನ್ನು ಅಷ್ಟೇ ಮಿ.ಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಅನಾಹುತ.

'ಟೆಸ್ಟೇ ಬೇಡದ ಹೊಸ ಮಾತ್ರೆ ಬಂದಿದೆಯಂತಲ್ಲ' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಡಬಿಗಾಟ್ರಾನ್, ರಿವರೊಕ್ಸಬಾನ್, ಅಪಿಕ್ಸಬಾನ್ ಬಂದಿರುವುದು ನಿಜ. ಆದರೆ ಲೋಹದ ವಾಲ್ವ್‌ಗೆ ಅವು ಆಗಿಬರಲಿಲ್ಲ. ಲೋಹದ ವಾಲ್ವ್ ಇದ್ದವರಿಗೆ ಡಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ಹೆಚ್ಚಾಯಿತು, ರಕ್ತಸ್ರಾವವೂ ಹೆಚ್ಚಾಯಿತು. ಅದರ ವರದಿ 2013ರಲ್ಲಿ ಬಂತು. ಅಪಿಕ್ಸಬಾನ್ ಪ್ರಯೋಗವನ್ನು 2022ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅದೇ ವರ್ಷ ರುಮ್ಯಾಟಿಕ್ ಹೃದಯ ರೋಗದವರಲ್ಲಿ ರಿವರೊಕ್ಸಬಾನ್‌ಗಿಂತ ಹಳೆಯ ಮಾತ್ರೆಯೇ ಮೇಲು ಅಂತ ತೋರಿತು. ಬೇರೆ ಕಾಯಿಲೆಗೆ ಹೊಸ ಮಾತ್ರೆ ತಿನ್ನುವ ಸಂಬಂಧಿಕರನ್ನು ನೋಡಿ ಆಸೆಪಡಬೇಡಿ.

ಹೆಜ್ಜೆ 2: ಅಪಾಯ ಎರಡು ಕಡೆ ಇದೆ ಅಂತ ಅರ್ಥ ಮಾಡಿಕೊಳ್ಳಿ

'ಇದು ಇಲಿ ಪಾಷಾಣ ಕಣ್ರೀ' ಅಂತ ಅಮ್ಮನಿಗೆ ಒಬ್ಬರು ಹೇಳಿದರು. ಅಮ್ಮ ನನಗೆ ತಿಳಿಸದೆ ಒಂದು ವಾರ ಮಾತ್ರೆ ಬಿಟ್ಟರು. ಐಎನ್‌ಆರ್ 1.3ಕ್ಕೆ ಇಳಿದಿತ್ತು. ಹೊಟ್ಟೆಯ ಚರ್ಮಕ್ಕೆ ದಿನಕ್ಕೆರಡು ಸಲ ಹೆಪ್ಪು ತಡೆಯುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಾ, ಮಾತ್ರೆ ಮತ್ತೆ ಹಿಡಿತಕ್ಕೆ ಬರುವವರೆಗೆ ಕಾಯಬೇಕಾಯಿತು. ಏನೂ ಆಗದೆ ಉಳಿದದ್ದು ಪುಣ್ಯ.

ಇಲಿ ಪಾಷಾಣದ ಮಾತು ಅರ್ಧ ನಿಜ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಬೂಷ್ಟು ಹಿಡಿದ ಒಂದು ಜಾತಿಯ ಮೇವು ತಿಂದ ದನಗಳು ರಕ್ತ ಸೋರಿ ಸತ್ತವು. ಕಾರಣ ಹುಡುಕಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯ. ಅಲ್ಲಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಮದ್ದಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕೊಟ್ಟರು. ಇಲಿಗೂ ನಮಗೂ ಇರುವ ವ್ಯತ್ಯಾಸ ಇಷ್ಟೆ, ಇಲಿಗೆ ಐಎನ್‌ಆರ್ ನೋಡುವವರು ಯಾರೂ ಇರಲಿಲ್ಲ.

ರಕ್ತ ನಿಜವಾಗಿ ನೀರಿನಂತೆ ತೆಳುವಾಗುವುದಿಲ್ಲ. ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ಲಿವರ್ ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಮಾತ್ರೆ ಅದಕ್ಕೆ ಅಡ್ಡ ನಿಲ್ಲುತ್ತದೆ. ಹೆಪ್ಪುಗಟ್ಟಲು ಹೊತ್ತು ಜಾಸ್ತಿ ಹಿಡಿಯುತ್ತದೆ. ಎಷ್ಟು ಜಾಸ್ತಿ ಅನ್ನುವುದೇ ಐಎನ್‌ಆರ್. ಮಾತ್ರೆ ತಿನ್ನದವರಲ್ಲಿ ಅದು ಸುಮಾರು 1.

ಮಾತ್ರೆ ತಿನ್ನುವವರಲ್ಲಿ ವರ್ಷಕ್ಕೆ 100ಕ್ಕೆ ಸುಮಾರು 1ರಿಂದ 3 ಜನರಿಗೆ ದೊಡ್ಡ ರಕ್ತಸ್ರಾವ ಆಗಬಹುದು. ಲೋಹದ ವಾಲ್ವ್ ಇಟ್ಟುಕೊಂಡು ಮಾತ್ರೆ ತಿನ್ನದಿದ್ದರೆ ವರ್ಷಕ್ಕೆ 100ಕ್ಕೆ ಸುಮಾರು 4 ಜನರಿಗೆ ಹೆಪ್ಪು ಹಾರಿ ಮೆದುಳಿಗೋ ಬೇರೆ ಅಂಗಕ್ಕೋ ದೊಡ್ಡ ಪೆಟ್ಟು ಬೀಳುತ್ತದೆ. ತಿಂದರೆ ಅದು ಸುಮಾರು 1ಕ್ಕೆ ಇಳಿಯುತ್ತದೆ. ಇದರ ಮೇಲೆ ವಾಲ್ವೇ ಹೆಪ್ಪು ಹಿಡಿದು ಸಿಕ್ಕಿಕೊಳ್ಳುವ ಭಯ ಬೇರೆ. ಒಂದು ವರ್ಷಕ್ಕೆ ಚಿಕ್ಕದಾಗಿ ಕಾಣುವ ಸಂಖ್ಯೆ 20, 30 ವರ್ಷಕ್ಕೆ ಸೇರುತ್ತಾ ಹೋಗುತ್ತದೆ ಅಲ್ವಾ? ಹಾಗಾಗಿಯೇ ಈ ಲೇಖನ.

ವರ್ಷಗಳು ಕಳೆದ ಹಾಗೆ ಕಣ್ಣಿಡಬೇಕಾದವು ಇವು. ಮೊದಲನೆಯದು ಮೆದುಳಿನಲ್ಲಿ ರಕ್ತಸ್ರಾವ. ವಯಸ್ಸು, ಹತೋಟಿಯಲ್ಲಿಲ್ಲದ ಬಿಪಿ, 4ರ ಮೇಲೆ ಏರಿದ ಐಎನ್‌ಆರ್, ಈ ಮೂರೂ ಸೇರಿದರೆ ಅಪಾಯ ಬಹಳ. ವಯಸ್ಸನ್ನು ತಡೆಯಲಾಗದು, ಉಳಿದೆರಡು ನಮ್ಮ ಕೈಯಲ್ಲಿವೆ. ಹಾಗಾಗಿ ಬಿಪಿ ಮಾತ್ರೆಯೂ ಇದರಷ್ಟೇ ಮುಖ್ಯ. ಎರಡನೆಯದು ಹೊಟ್ಟೆ, ಕರುಳಿನಿಂದ ಸದ್ದಿಲ್ಲದೆ ರಕ್ತ ಸೋರುವುದು. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, 'ವಯಸ್ಸಾಯ್ತು' ಅಂತ ಸುಮ್ನೆ ಬಿಟ್ಟಿರುತ್ತೇವೆ, ನೋಡಿದರೆ ಹಿಮೋಗ್ಲೋಬಿನ್ 7ಕ್ಕೆ ಇಳಿದಿರುತ್ತದೆ. ಮೂರನೆಯದು ಕಿಡ್ನಿ. ಐಎನ್‌ಆರ್ ತೀರಾ ಏರಿದಾಗ ಕಿಡ್ನಿಯೊಳಗೇ ರಕ್ತ ಸೋರಿ ಅದಕ್ಕೆ ಪೆಟ್ಟಾಗಬಹುದು, ಮೊದಲೇ ದುರ್ಬಲವಾಗಿದ್ದರೆ ಇನ್ನೂ ಜಾಸ್ತಿ. ವಿಟಮಿನ್ ಕೆ ಮೂಳೆಗೂ ಬೇಕು, ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟದಂತೆ ತಡೆಯಲೂ ಬೇಕು. ಅದಕ್ಕೇ ಮೂಳೆ ಸವೆತ, ರಕ್ತನಾಳ ಗಡುಸಾಗುವುದು ಇವುಗಳ ಚರ್ಚೆ ನಡೆಯುತ್ತಲೇ ಇದೆ. ಮೂಳೆಯ ವಿಷಯದಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಇವಕ್ಕೆ ಹೆದರಿ ಮಾತ್ರೆ ಬಿಡುವಂತಿಲ್ಲ. ನಡೆದಾಡಿ, ಬಿಸಿಲಿಗೆ ಹೋಗಿ, ಮುಟ್ಟು ನಿಂತ ಮೇಲೆ ಮೂಳೆಯ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಕೆಲವರಿಗೆ ಕೂದಲು ಉದುರುವುದೂ ಉಂಟು.

ವರ್ಷಕ್ಕೊಮ್ಮೆಯಾದರೂ ಹಿಮೋಗ್ಲೋಬಿನ್, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್ ಟೆಸ್ಟ್, ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿ.

ಹೆಜ್ಜೆ 3: ಟೆಸ್ಟನ್ನು ಸರಿಯಾಗಿ ಮಾಡಿಸಿ

ಐಎನ್‌ಆರ್ ಸ್ಥಿರವಾಗಿದ್ದರೂ ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸುವುದು ಒಳ್ಳೆಯ ಅಭ್ಯಾಸ. ಪ್ರಮಾಣ ಬದಲಿಸಿದ್ದರೆ, ಹೊಸ ಔಷಧಿ ಸೇರಿದ್ದರೆ, ಭೇದಿ, ಜಾಂಡೀಸ್, ಊಟ ಸೇರದಿರುವುದು ಇದ್ದರೆ 3ರಿಂದ 5 ದಿನದೊಳಗೆ ಒಂದು ಟೆಸ್ಟ್.

ಒಂದೇ ಲ್ಯಾಬ್ ಇಟ್ಟುಕೊಳ್ಳಿ. ರಕ್ತ ತೆಗೆಯುವಾಗ ಟ್ಯೂಬ್ ನೋಡಿ. ಇದಕ್ಕೆ ನೀಲಿ ಮುಚ್ಚಳದ್ದು, ಒಳಗೆ ಅಳತೆ ಮಾಡಿದ ಸಿಟ್ರೇಟ್ ದ್ರವ ಇರುತ್ತದೆ. ಒಂದು ಭಾಗ ದ್ರವಕ್ಕೆ ಒಂಬತ್ತು ಭಾಗ ರಕ್ತ ಬೇಕು. ಗೆರೆಯವರೆಗೆ ತುಂಬದೆ ಅರ್ಧಕ್ಕೇ ನಿಲ್ಲಿಸಿದರೆ ಐಎನ್‌ಆರ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಮಾತ್ರೆ ಕಡಿಮೆ ಮಾಡಿದರೆ ಹೆಪ್ಪು. ನಾನು ಈಗ ನಾಚಿಕೆ ಬಿಟ್ಟು 'ಗೆರೆ ಮುಟ್ಟಲಿ ಸಿಸ್ಟರ್' ಅನ್ನುತ್ತೇನೆ. ಒಬ್ಬರಾದರೂ ಬೇಜಾರು ಮಾಡಿಕೊಂಡಿಲ್ಲ. ಸಂಖ್ಯೆ ಇದ್ದಕ್ಕಿದ್ದಂತೆ ವಿಚಿತ್ರವಾಗಿ ಬಂದರೆ, ರಕ್ತಸ್ರಾವ ಏನೂ ಇಲ್ಲದಿದ್ದರೆ, ಅವತ್ತೇ ಇನ್ನೊಂದು ಸಲ ಮಾಡಿಸೋಣವಾ ಅಂತ ಡಾಕ್ಟರನ್ನು ಕೇಳಿ.

ಬೆರಳು ಚುಚ್ಚಿ ಮನೆಯಲ್ಲೇ ನೋಡುವ ಯಂತ್ರವೂ ಇದೆ. ಸ್ಟ್ರಿಪ್ ದುಬಾರಿ. ಪೇಟೆಯಿಂದ ದೂರದ ತೋಟದ ಮನೆಯವರಿಗೆ, ಊರೂರು ಸುತ್ತುವವರಿಗೆ ಬೆಲೆಗೆ ತಕ್ಕ ಉಪಕಾರ ಆಗುತ್ತದೆ. ಶುರುವಿನಲ್ಲಿ ಒಂದೆರಡು ಸಲ ಲ್ಯಾಬ್ ಫಲಿತಾಂಶದ ಜೊತೆ ತಾಳೆ ನೋಡಿಕೊಳ್ಳಿ.

ಪ್ರತಿ ಸಲದ ದಿನಾಂಕ, ಐಎನ್‌ಆರ್, ಆಗ ತಿನ್ನುತ್ತಿದ್ದ ಪ್ರಮಾಣ, ಆ ತಿಂಗಳು ಬಂದ ಜ್ವರ, ತಿಂದ ಬೇರೆ ಮಾತ್ರೆ, ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಮೊಬೈಲ್ ಫೋಟೋ ಸಾಲದು, ಬೇಕಾದಾಗ ಸಿಗುವುದಿಲ್ಲ. ಬರೆದ ಪುಟ ತಿರುವಿ ನೋಡಿ. ಮೂರರಲ್ಲಿ ಎರಡು ಸಲವಾದರೂ ನಿಮ್ಮ ಮಿತಿಯೊಳಗೆ ಇದ್ದರೆ ಬಂಡಿ ಸರಿಯಾಗಿ ಸಾಗುತ್ತಿದೆ. ಪದೇಪದೇ ಹೊರಗಿದ್ದರೆ ಕಾರಣ ಹುಡುಕಬೇಕು.

ಹೆಜ್ಜೆ 4: ಮಾತ್ರೆ ನುಂಗುವ ಶಿಸ್ತು

ರಾತ್ರಿ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ರಾತ್ರಿಯೇ ಯಾಕೆ? ಬೆಳಿಗ್ಗೆ ಟೆಸ್ಟ್ ಕೊಟ್ಟರೆ ಸಂಜೆಗೆ ಫಲಿತಾಂಶ, ಪ್ರಮಾಣ ಬದಲಿಸುವುದಿದ್ದರೆ ಅವತ್ತಿನಿಂದಲೇ ಆಗುತ್ತದೆ. 'ಒಂದು ದಿನ 2, ಮರುದಿನ 3' ಅಂತ ಬರೆದಿದ್ದರೆ ನೆನಪನ್ನು ನಂಬಬೇಡಿ. ನಮ್ಮಲ್ಲಿ ಗೋಡೆ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ತಿಂಗಳ ಮೊದಲ ದಿನವೇ 2, 3, 2, 3 ಅಂತ ಬರೆದಿಡುತ್ತೇವೆ. ನುಂಗಿದ ಮೇಲೆ ಅಡ್ಡಗೆರೆ. ರಾಹುಕಾಲದ ಪಕ್ಕದಲ್ಲೇ ಇರುತ್ತದೆ, ಅಮ್ಮನ ಕಣ್ಣು ತಪ್ಪುವುದಿಲ್ಲ.

ಮರೆತರೆ, ಅದೇ ದಿನ ನೆನಪಾದರೆ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಬಿಟ್ಟದ್ದನ್ನು ಬಿಟ್ಟು ಅವತ್ತಿನದು ಮಾತ್ರ. ಎರಡು ಒಟ್ಟಿಗೆ ಬೇಡ. ನೋಟ್‌ಬುಕ್‌ನಲ್ಲಿ 'ಮರೆತೆ' ಅಂತ ಬರೆಯಿರಿ. ಸತತ ಎರಡು ದಿನ ತಪ್ಪಿದರೆ ಡಾಕ್ಟರಿಗೆ ಫೋನ್ ಮಾಡಿ, ಅದರಲ್ಲೂ ಅಸೆನೊಕೌಮರಾಲ್ ತಿನ್ನುವವರು. ಅದರ ಪ್ರಭಾವ ವಾರ್ಫರಿನ್‌ಗಿಂತ ಬೇಗ ಇಳಿಯುತ್ತದೆ.

ಮಕ್ಕಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಅಸೆನೊಕೌಮರಾಲ್ ಅಲ್ಲಿ ಸಿಗುವುದಿಲ್ಲ, ಅಲ್ಲಿರುವುದು ವಾರ್ಫರಿನ್. ಪೂರ್ತಿ ದಿನಗಳಿಗೆ ಸಾಕಾಗುವಷ್ಟು ಮಾತ್ರೆ, ಪ್ರಿಸ್ಕ್ರಿಪ್ಷನ್ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸ್ ದಾರಿ ತಪ್ಪಿದರೆ ಮಾತ್ರೆಯೂ ದಾರಿ ತಪ್ಪುತ್ತದೆ.

ಹೆಜ್ಜೆ 5: ಸೊಪ್ಪು ಬಿಡಬೇಡಿ, ಲೆಕ್ಕ ಬಿಡಬೇಡಿ

'ಸೊಪ್ಪು ಮುಟ್ಟಬೇಡಿ' ಅಂತ ಯಾರೋ ಹೇಳಿದ್ದನ್ನು ಕೇಳಿ ವರ್ಷಗಟ್ಟಲೆ ಬಸ್ಸಾರು ಬಿಟ್ಟವರನ್ನು ನೋಡಿದ್ದೇನೆ. ಅದು ಬೇಕಿಲ್ಲ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಮಾತ್ರೆಯ ವಿರುದ್ಧ ಎಳೆಯುತ್ತದೆ, ಸರಿ. ಆದರೆ ಮೈಯಲ್ಲಿ ವಿಟಮಿನ್ ಕೆ ತೀರಾ ಕಡಿಮೆಯಾದರೆ ಐಎನ್‌ಆರ್ ಇನ್ನೂ ಹೆಚ್ಚು ಕುಣಿಯುತ್ತದೆ. ಒಂದು ದಿನ ನೆಂಟರ ಮನೆಯಲ್ಲಿ ನುಗ್ಗೆಸೊಪ್ಪಿನ ಪಲ್ಯ ತಿಂದರೂ ಏರುಪೇರು. ವಾರಕ್ಕೆ ಎಷ್ಟು ಸಲ, ಎಷ್ಟು ಸೊಪ್ಪು ತಿನ್ನುತ್ತೀರೋ ಅದನ್ನು ಹೆಚ್ಚೂಕಡಿಮೆ ಹಾಗೇ ಇಟ್ಟುಕೊಂಡರೆ ಸಾಕು, ಡಾಕ್ಟರ್ ಅದಕ್ಕೆ ಮಾತ್ರೆ ಹೊಂದಿಸುತ್ತಾರೆ. ಕೆಡುವುದು ದಿಢೀರ್ ಬದಲಾವಣೆಯಿಂದ. ಯಾರದ್ದೋ ವಿಡಿಯೋ ನೋಡಿ ದಿನಾ ಬೆಳಿಗ್ಗೆ ಪಾಲಕ್ ಜ್ಯೂಸ್ ಶುರು ಮಾಡುವುದು, ಇಲ್ಲವೇ ವ್ರತ ಅಂತ ವಾರಗಟ್ಟಲೆ ಅರೆಹೊಟ್ಟೆ ಇರುವುದು.

ಒಂದೊಪ್ಪತ್ತು ಏಕಾದಶಿ ಮಾಡಿದರೆ ಚಿಂತೆಯಿಲ್ಲ. ದೀರ್ಘ ಉಪವಾಸ, ರಂಜಾನ್ ಉಪವಾಸ ಹಿಡಿಯುವವರು ಮೊದಲೇ ಡಾಕ್ಟರಿಗೆ ಹೇಳಿ ನಡುವೆ ಒಂದು ಟೆಸ್ಟ್ ಮಾಡಿಸಲಿ. ಅಡುಗೆಯ ಅರಿಶಿನ, ಬೆಳ್ಳುಳ್ಳಿ, ಶುಂಠಿಗೆ ಹೆದರಬೇಕಿಲ್ಲ. ಅವನ್ನೇ ಕ್ಯಾಪ್ಸೂಲ್ ಮಾಡಿ ಡಬ್ಬದಲ್ಲಿ ಮಾರುವುದು ಬೇರೆ ವಿಷಯ, ಅದು ಆಹಾರವಲ್ಲ, ಔಷಧಿ. ಮೀನೆಣ್ಣೆ ಕ್ಯಾಪ್ಸೂಲ್, ನಾಟಿ ಔಷಧಿ, ಆಯುರ್ವೇದದ ಲೇಹ್ಯ, ಗುಗ್ಗುಲು, ಎಲ್ಲವನ್ನೂ ತೋರಿಸಿ ಕೇಳಿಯೇ ತಿನ್ನಿ. ಮದ್ಯ ಬೇಡ. ಒಂದೇ ರಾತ್ರಿ ಜಾಸ್ತಿ ಕುಡಿದರೆ ಐಎನ್‌ಆರ್ ಏರುತ್ತದೆ, ಕಾಲೂ ಜಾರುತ್ತದೆ.

ಹೆಜ್ಜೆ 6: ಜ್ವರ, ನೋವು ಬಂದಾಗ ಬಾಯಿ ಬಿಟ್ಟು ಹೇಳಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಇದೇ ಮುಖ್ಯ. ಅಮ್ಮನಿಗೆ ಆದದ್ದು ಹೇಳುತ್ತೇನೆ. ಸೊಂಟನೋವು, ಜೊತೆಗೆ ಭೇದಿ. ಬೀದಿ ಕೊನೆಯ ಕ್ಲಿನಿಕ್ಕಿಗೆ ಒಬ್ಬರೇ ಹೋದರು. ನಮ್ಮ ಕಡೆ ರೂಢಿ ಗೊತ್ತಲ್ಲ, 'ಒಂದು ಇಂಜೆಕ್ಷನ್ ಹಾಕ್ಬಿಡಿ ಡಾಕ್ಟ್ರೇ' ಅಂದರು. ಸೊಂಟಕ್ಕೆ ಡೈಕ್ಲೋಫೆನಾಕ್ ಚುಚ್ಚಿದರು, ಭೇದಿಗೆ ಆಫ್ಲಾಕ್ಸಸಿನ್-ಆರ್ನಿಡಜೋಲ್ ಬರೆದರು. ವಾಲ್ವ್ ವಿಷಯ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಐದನೇ ದಿನ ಚುಚ್ಚಿದ ಜಾಗದಿಂದ ತೊಡೆಯವರೆಗೆ ನೇರಳೆ ಹಣ್ಣಿನ ಬಣ್ಣ. ಐಎನ್‌ಆರ್ 7.8.

ಅಲ್ಲಿ ತಪ್ಪು ಒಂದಲ್ಲ, ಮೂರು. ಸ್ನಾಯುವಿಗೆ ಚುಚ್ಚಿದ್ದರಿಂದ ಒಳಗೇ ರಕ್ತ ಸೋರಿ ಗಡ್ಡೆ ಕಟ್ಟಿತು. ಡೈಕ್ಲೋಫೆನಾಕ್ ಜಾತಿಯ ನೋವಿನ ಔಷಧಿ ಹೊಟ್ಟೆಯ ಒಳಪದರವನ್ನು ಕೆರೆಯುತ್ತದೆ, ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕೆಲಸವನ್ನೂ ಕೆಡಿಸುತ್ತದೆ. ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಇದೇ ಕುಟುಂಬ. ಇನ್ನು ಆ ಭೇದಿ ಮಾತ್ರೆ, ರಕ್ತ ತೆಳು ಮಾಡುವ ಔಷಧಿ ಲಿವರ್‌ನಲ್ಲಿ ಕರಗುವುದನ್ನೇ ನಿಧಾನ ಮಾಡುತ್ತದೆ. ಭೇದಿಯಿಂದ ಊಟವೂ ಸೇರಿರಲಿಲ್ಲ. ಎಲ್ಲ ಒಂದೇ ದಿಕ್ಕಿಗೆ ಎಳೆದವು.

ಐಎನ್‌ಆರ್ ಏರಿಸುವವುಗಳಲ್ಲಿ ಮೆಟ್ರೋನಿಡಜೋಲ್, ಮೂತ್ರದ ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಸಿಪ್ರೊಫ್ಲಾಕ್ಸಸಿನ್, ಕ್ಲಾರಿಥ್ರೊಮೈಸಿನ್, ಹುಳುಕಡ್ಡಿಗೆ ನುಂಗುವ ಫ್ಲುಕೊನಜೋಲ್, ಎದೆಬಡಿತ ಸರಿಪಡಿಸುವ ಅಮಿಯೋಡರೋನ್, ನೋವಿಗೆ ಕೊಡುವ ಟ್ರಮಡಾಲ್ ಪ್ರಮುಖವಾದವು. ಬಾಯಿಯೊಳಗಿನ ಫಂಗಸ್ ಸೋಂಕಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ! ಹಚ್ಚುವುದು ತಾನೇ ಅಂತ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಇಳಿಸುವವೂ ಇವೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಅದರಲ್ಲಿ ದೊಡ್ಡದು. ಅದು ಶುರುವಾದರೆ ರಕ್ತ ತೆಳು ಮಾಡುವ ಮಾತ್ರೆ ಬಹಳ ಏರಿಸಬೇಕಾಗುತ್ತದೆ, ಟಿಬಿ ಕೋರ್ಸ್ ಮುಗಿದಾಗ ನೆನಪಿಟ್ಟು ಮತ್ತೆ ಇಳಿಸಬೇಕು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಕೂಡ ಇಳಿಸುತ್ತದೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಾದರೂ ಐಎನ್‌ಆರ್ ಬದಲಾಗುತ್ತದೆ.

ಈ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಯಾವ ಡಾಕ್ಟರ್ ಎದುರು ಕೂತರೂ, ಚರ್ಮದವರಾಗಲಿ ಕಣ್ಣಿನವರಾಗಲಿ, ಮೊದಲ ಮಾತು 'ನನಗೆ ಲೋಹದ ವಾಲ್ವ್ ಇದೆ, ವಾರ್ಫರಿನ್ ತಿನ್ನುತ್ತೇನೆ' ಅಂತಿರಲಿ. ತಿನ್ನುವುದು ಅಸೆನೊಕೌಮರಾಲ್ ಆದರೆ ಆ ಹೆಸರು. ಆಮೇಲೆ ಹೊಟ್ಟೆನೋವಿನ ಕಥೆ. ಯಾವ ಆಂಟಿಬಯಾಟಿಕ್ ಶುರುವಾದರೂ ನಾಲ್ಕನೇ ದಿನದ ಹೊತ್ತಿಗೆ ಒಂದು ಐಎನ್‌ಆರ್. ಮೈಕೈ ನೋವು, ಜ್ವರಕ್ಕೆ ಪ್ಯಾರಸಿಟಮಾಲ್ ಒಂದೆರಡು ದಿನ ಪರವಾಗಿಲ್ಲ. ದಿನಕ್ಕೆ ಮೂರು ನಾಲ್ಕರಂತೆ ವಾರ ಎಳೆದರೆ ಅದೂ ಐಎನ್‌ಆರ್ ಏರಿಸುತ್ತದೆ.

ಇನ್ನೊಂದು ಎಚ್ಚರ. ವಾಲ್ವ್ ಹಾಕಿಸಿಕೊಂಡವರಿಗೆ ಕಾರಣ ಗೊತ್ತಾಗದ ಜ್ವರ ಮೂರು ದಿನ ದಾಟಿದರೆ ವಾಲ್ವ್‌ಗೇ ಸೋಂಕು ತಗುಲಿರಬಹುದು. ಕಂಡ ಆಂಟಿಬಯಾಟಿಕ್ ನುಂಗುವ ಮೊದಲು ಬ್ಲಡ್ ಕಲ್ಚರ್ ಮಾಡಿಸಬೇಕು. ನುಂಗಿದ ಮೇಲೆ ಮಾಡಿಸಿದರೆ ರೋಗಾಣು ಸಿಕ್ಕದೇ ಹೋಗಬಹುದು.

ಐಎನ್‌ಆರ್ ಏರಿದೆ ಅಂತ ಗೊತ್ತಾದರೆ ಮೆಡಿಕಲ್ ಶಾಪಿನಿಂದ ವಿಟಮಿನ್ ಕೆ ತಂದು ನೀವೇ ತೆಗೆದುಕೊಳ್ಳಬೇಡಿ. ರಕ್ತ ಸೋರದಿದ್ದರೆ ಎಷ್ಟೋ ಸಲ ಒಂದೆರಡು ದಿನ ಮಾತ್ರೆ ನಿಲ್ಲಿಸುವುದೇ ಸಾಕಾಗುತ್ತದೆ, ಅದನ್ನು ಡಾಕ್ಟರ್ ಹೇಳಬೇಕು. ವಿಟಮಿನ್ ಕೆ ಜಾಸ್ತಿಯಾದರೆ ಐಎನ್‌ಆರ್ ಧೊಪ್ಪನೆ ಬಿದ್ದು ವಾಲ್ವ್‌ನಲ್ಲಿ ಹೆಪ್ಪು ಕೂರಬಹುದು.

ಹೆಜ್ಜೆ 7: ಹಲ್ಲು, ಆಪರೇಷನ್, ಪೆನಿಸಿಲಿನ್ ಇಂಜೆಕ್ಷನ್

ಹಲ್ಲು ಕೀಳಿಸಲು ಮಾತ್ರೆ ನಿಲ್ಲಿಸಬೇಕು ಅನ್ನುವುದು ಹಳೆಯ ನಂಬಿಕೆ. ಐಎನ್‌ಆರ್ ಮಿತಿಯಲ್ಲಿದ್ದರೆ ಸಾಮಾನ್ಯವಾಗಿ ನಿಲ್ಲಿಸದೆಯೇ ಕೀಳುತ್ತಾರೆ, ಹೊಲಿಗೆ ಹಾಕಿ, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ ನೆನೆಸಿದ ಹತ್ತಿ ಕಚ್ಚಿಸುತ್ತಾರೆ. ಹಿಂದಿನ ದಿನ ಐಎನ್‌ಆರ್ ಮಾಡಿಸಿ, ದಂತವೈದ್ಯರು ಮತ್ತು ಹೃದಯದ ಡಾಕ್ಟರ್ ಒಮ್ಮೆ ಮಾತಾಡಿಕೊಳ್ಳಲಿ. ಕೀಳುವ ಮೊದಲು ವಾಲ್ವ್‌ಗೆ ಸೋಂಕು ತಗುಲದಂತೆ ಒಂದು ಡೋಸ್ ಆಂಟಿಬಯಾಟಿಕ್ ಬೇಕು, ಅದನ್ನು ನೀವೇ ನೆನಪಿಸಿ.

ದೊಡ್ಡ ಆಪರೇಷನ್‌ಗೆ ಮಾತ್ರ ಸಾಮಾನ್ಯವಾಗಿ ವಾರ್ಫರಿನ್ 5 ದಿನ ಮೊದಲು ನಿಲ್ಲಿಸಿ, ನಡುವಿನ ದಿನಗಳಿಗೆ ಹೆಪಾರಿನ್ ಬೇಕಾ ಅಂತ ನೋಡುತ್ತಾರೆ. ಮೈಟ್ರಲ್ ವಾಲ್ವ್‌ನವರಿಗೆ ಹೆಚ್ಚಾಗಿ ಬೇಕಾಗುತ್ತದೆ. 'ಮಾತ್ರೆ ನಿಲ್ಲಿಸಿ ಬನ್ನಿ' ಅಂತ ಯಾರಾದರೂ ಹೇಳಿದರೆ 'ಎಷ್ಟು ದಿನ? ಬದಲಿಗೆ ಏನು? ಮತ್ತೆ ಯಾವಾಗ ಶುರು?' ಈ ಮೂರು ಪ್ರಶ್ನೆ ಕೇಳದೆ ಎದ್ದು ಬರಬೇಡಿ.

ರುಮ್ಯಾಟಿಕ್ ಜ್ವರ ಬಂದಿದ್ದವರಲ್ಲಿ ಹಲವರು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಅದೂ ಸ್ನಾಯುವಿಗೇ ಅಲ್ವಾ? ಹೌದು. ಹಾಗಂತ ನೀವೇ ನಿಲ್ಲಿಸಬೇಡಿ, ಆ ಜ್ವರ ಮರುಕಳಿಸಿದರೆ ಉಳಿದ ವಾಲ್ವ್‌ಗಳೂ ಹಾಳಾಗುತ್ತವೆ. ಐಎನ್‌ಆರ್ ಮಿತಿಯಲ್ಲಿದೆ ಅಂತ ನೋಡಿಕೊಂಡು ಚುಚ್ಚಿಸಿ, ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಪದೇಪದೇ ಗಡ್ಡೆ ಕಟ್ಟಿದರೆ ನುಂಗುವ ಪೆನಿಸಿಲಿನ್‌ಗೆ ಬದಲಿಸುವ ಬಗ್ಗೆ ಡಾಕ್ಟರ್ ಯೋಚಿಸುತ್ತಾರೆ.

ಹೆಜ್ಜೆ 8: ಹೆಣ್ಣುಮಕ್ಕಳು ಕೇಳಲು ಹಿಂಜರಿಯುವ ವಿಷಯಗಳು

ಮುಟ್ಟು ಜಾಸ್ತಿ ಹೋಗುತ್ತದೆ, ದಿನ ಜಾಸ್ತಿ ಹಿಡಿಯುತ್ತದೆ. ಸಹಿಸಿಕೊಂಡು ಕೂರುವವರೇ ಬಹಳ. ಸಹಿಸಬೇಕಿಲ್ಲ, ಚಿಕಿತ್ಸೆ ಇದೆ. ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ. ತಿಂಗಳ ಮಧ್ಯದಲ್ಲಿ ಅಂಡ ಬಿಡುಗಡೆಯಾಗುವಾಗ ಹೊಟ್ಟೆಯೊಳಗೇ ರಕ್ತ ಸೋರುವುದೂ ಉಂಟು. ಕೆಳಹೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ಜೋರು ನೋವು, ತಲೆಸುತ್ತು ಬಂದರೆ ಗ್ಯಾಸ್ ಅಂತ ಮಲಗಬೇಡಿ, ಸ್ಕ್ಯಾನ್ ಮಾಡಿಸಿ.

ಮಗು ಬೇಕು ಅಂದರೆ ಗರ್ಭ ನಿಲ್ಲುವ ಮೊದಲೇ ಹೃದಯದ ಡಾಕ್ಟರ್ ಹತ್ತಿರ ಮಾತಾಡಿ. ಗರ್ಭದ 6ರಿಂದ 12ನೇ ವಾರದ ನಡುವೆ ಈ ಮಾತ್ರೆ ಮಗುವಿನ ಮೂಗು, ಮೂಳೆಗಳ ಬೆಳವಣಿಗೆ ಕೆಡಿಸಬಹುದು. ದಿನಕ್ಕೆ 5 ಮಿ.ಗ್ರಾಂ ವಾರ್ಫರಿನ್‌ಗಿಂತ ಹೆಚ್ಚು ಬೇಕಾಗುವವರಲ್ಲಿ ಆ ಸಾಧ್ಯತೆ ಜಾಸ್ತಿ. ಆದರೆ ಗಾಬರಿಯಾಗಿ ತಾವೇ ನಿಲ್ಲಿಸಿದರೆ ತಾಯಿಯ ವಾಲ್ವ್‌ಗೇ ಕುತ್ತು, ಬಸುರಿಯಲ್ಲಿ ರಕ್ತ ಹೆಪ್ಪುಗಟ್ಟುವುದೂ ಜಾಸ್ತಿ. ಮುಟ್ಟು ತಪ್ಪಿದ ವಾರವೇ ಹೋಗಿ ತೋರಿಸಿ. ಯಾವ ತಿಂಗಳು ಇಂಜೆಕ್ಷನ್, ಯಾವ ತಿಂಗಳು ಮಾತ್ರೆ ಅಂತ ಅವರು ಯೋಜನೆ ಹಾಕುತ್ತಾರೆ. ಹೆರಿಗೆಯಾದ ಮೇಲೆ ವಾರ್ಫರಿನ್ ತಿನ್ನುತ್ತಾ ಎದೆಹಾಲು ಕೊಡಬಹುದು.

ಹೆಜ್ಜೆ 9: ಯಾವಾಗ ಓಡಬೇಕು

ಹಲ್ಲುಜ್ಜುವಾಗ ಸ್ವಲ್ಪ ರಕ್ತ, ಅಲ್ಲಲ್ಲಿ ಚಿಕ್ಕ ನೀಲಿ ಕಲೆ ಇದ್ದರೆ ಟೆಸ್ಟ್ ಮಾಡಿಸಿ. ಮೂಗಿನಿಂದ ರಕ್ತ ಬಂದರೆ ಮುಂದಕ್ಕೆ ಬಾಗಿ ಕೂತು ಮೂಗಿನ ಮೆತ್ತನೆಯ ಭಾಗವನ್ನು 15 ನಿಮಿಷ ಒತ್ತಿ ಹಿಡಿಯಿರಿ, ಈರುಳ್ಳಿ ಮೂಸಿ ಕಾಲ ಕಳೆಯಬೇಡಿ. ನಿಲ್ಲದಿದ್ದರೆ ಆಸ್ಪತ್ರೆ.

ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ಮೂತ್ರ ಕೆಂಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅವತ್ತೇ ಹೋಗಿ. ತಲೆಗೆ ಪೆಟ್ಟು ಬಿದ್ದರೆ, ಬಾತ್‌ರೂಮಿನಲ್ಲಿ ಜಾರಿ ಸುಮ್ನೆ ತಗುಲಿದ್ದು ಅನಿಸಿದರೂ, ಸಿಟಿ ಸ್ಕ್ಯಾನ್ ಬೇಕಾ ಅಂತ ಅವತ್ತೇ ತೋರಿಸಿ. ವಯಸ್ಸಾದವರಲ್ಲಿ ತಲೆಬುರುಡೆಯೊಳಗೆ ನಿಧಾನವಾಗಿ ಸೋರಿದ ರಕ್ತ ವಾರಗಳ ಮೇಲೆ ತಲೆನೋವು, ಮಂಕುತನವಾಗಿ ಕಾಣಿಸಿಕೊಳ್ಳುತ್ತದೆ. ಬಾತ್‌ರೂಮಿಗೆ ಹಿಡಿಕೆ, ಒರಟು ಮ್ಯಾಟ್, ಬೈಕಿಗೆ ಹೆಲ್ಮೆಟ್, ಇವೂ ಚಿಕಿತ್ಸೆಯ ಭಾಗವೇ.

ಬಾಯಿ ಸೊಟ್ಟಗಾಗುವುದು, ಒಂದು ಕೈ ಕಾಲು ಬಲ ಕಳೆದುಕೊಳ್ಳುವುದು, ಮಾತು ತೊದಲುವುದು ಕಂಡರೆ 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಅದು ಹೆಪ್ಪಿನಿಂದಲೋ ರಕ್ತಸ್ರಾವದಿಂದಲೋ ಅಂತ ನೋಡಿ ಹೇಳಲಾಗದು, ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ. ಕೊನೆಯದಾಗಿ ಎಷ್ಟು ಗಂಟೆಗೆ ಸರಿಯಾಗಿದ್ದರು, ಕೊನೆಯ ಐಎನ್‌ಆರ್ ಎಷ್ಟು, ಇವೆರಡನ್ನು ಹೇಳಲು ಸಿದ್ಧರಿರಿ.

ಮತ್ತೆ ಆ ಟಿಕ್ ಟಿಕ್. ಸದ್ದು ಮಂಕಾದರೆ ಅಥವಾ ಕೇಳಿಸದೇ ಹೋದರೆ, ಜೊತೆಗೆ ಏದುಸಿರು, ಮಲಗಲಾಗದ ಉಬ್ಬಸ ಬಂದರೆ ವಾಲ್ವ್‌ನಲ್ಲಿ ಹೆಪ್ಪು ಕೂತಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ. ಎಕೋ ಇರುವ, ಹೃದಯದ ಡಾಕ್ಟರ್ ಇರುವ ಕಡೆಗೆ ಆ ರಾತ್ರಿಯೇ ಹೊರಡಿ.

ಹೆಜ್ಜೆ 10: ಪರ್ಸಿನಲ್ಲೊಂದು ಚೀಟಿ

ಪ್ರಜ್ಞೆ ತಪ್ಪಿದಾಗ ನಿಮ್ಮ ಪರವಾಗಿ ಮಾತಾಡುವುದು ಇದೇ. ಅಮ್ಮನ ಪರ್ಸಿನಲ್ಲಿ, ಬಸ್ ಟಿಕೆಟ್ ಮತ್ತು ರಾಯರ ಮಂತ್ರಾಕ್ಷತೆ ಪೊಟ್ಟಣದ ನಡುವೆ, ಪ್ಲಾಸ್ಟಿಕ್ ಹೊದಿಸಿದ ಒಂದು ಚೀಟಿ ಇದೆ. ಅದರಲ್ಲಿರುವುದು ಇಷ್ಟು: ಹೆಸರು, ರಕ್ತದ ಗುಂಪು, 'ಮೈಟ್ರಲ್ ಲೋಹದ ವಾಲ್ವ್ ಇದೆ', ಹಾಕಿಸಿದ ವರ್ಷ, ಮಾತ್ರೆಯ ಹೆಸರು, 'ಐಎನ್‌ಆರ್ ಗುರಿ 2.5ರಿಂದ 3.5', 'ಸ್ನಾಯುವಿಗೆ ಇಂಜೆಕ್ಷನ್ ಬೇಡ, ನೋವಿಗೆ ಡೈಕ್ಲೋಫೆನಾಕ್ ಬೇಡ', ನನ್ನ ಫೋನ್ ನಂಬರ್. ಹಿಂದುಗಡೆ ಪೆನ್ಸಿಲಿನಲ್ಲಿ ಕೊನೆಯ ಐಎನ್‌ಆರ್ ಮತ್ತು ಮುಂದಿನ ಟೆಸ್ಟಿನ ದಿನಾಂಕ. ಪೆನ್ಸಿಲ್ ಯಾಕೆಂದರೆ ತಿಂಗಳಿಗೊಮ್ಮೆ ಅಳಿಸಿ ಬರೆಯಬೇಕಲ್ಲ.